ಹಸಿ ಕಾಗದದ ಅನುಮಾನ

ಟ್ರಾನ್ಸ್‌ಫಾರ್ಮರಿನಿಂದ ತಂತಿ ಹೊರಬರುವ ಪಿಂಗಾಣಿ ಕೊಳವೆ, ನಾವು ಬುಷಿಂಗ್ ಎನ್ನುವುದು, ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟಿರಬಹುದಿತ್ತು. ಟ್ಯಾಂಕಿನೊಳಗೆ ಯಾರೋ ಮರೆತ ಸ್ಪ್ಯಾನರ್ ಕೂತಿರಬಹುದಿತ್ತು. ಪಾವಗಡದ ಹತ್ತಿರದ ಹಂಪುಗಳ ಮೇಲೆ ಟ್ರೈಲರ್ ಕುಲುಕಿದಾಗ ಸುರುಳಿಗಳನ್ನು ಬಿಗಿಹಿಡಿದ ಮರದ ಬೆಣೆ ಸಡಿಲವಾಗಿರಬಹುದಿತ್ತು. ಎಣ್ಣೆಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡು, ಸುತ್ತಲ ಎಣ್ಣೆ ಸಲೀಸಾಗಿ ತಡೆಯುವ ವಿದ್ಯುತ್ ಕ್ಷೇತ್ರವನ್ನು ತಾನು ತಾಳಲಾರದೆ ಒಳಗೊಳಗೇ ಕಿಡಿ ಕಾರಬಹುದಿತ್ತು. ಬೇಸಿಗೆಗೆ ಅರ್ಥಿಂಗ್ ಗುಂಡಿ ಬಣಗುಟ್ಟಿ ಹೋಗಿರಬಹುದಿತ್ತು. ಸ್ವಿಚ್ ಹಾಕುವ ಗಳಿಗೆಗೇ ಒಂದು ಅಳಿಲು ತನ್ನ ಕೊನೆಯ ಯಾತ್ರೆಗೆ ಬುಷಿಂಗನ್ನೇ ಆರಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ತಾಮ್ರದ ತಂತಿಗೆ ಸುತ್ತಿದ ಕಾಗದ ದಾರಿಯಲ್ಲಿ ಗಾಳಿಯ ತೇವ ಕುಡಿದು ಕೂತಿರಬಹುದಿತ್ತು. ಇಷ್ಟೂ ಸರಿಯಿದ್ದರೂ ನನಗೇ ಎದೆನೋವು ಬರಬಹುದಿತ್ತು. ಅದಕ್ಕೂ ತಯಾರಿದ್ದೆ, ಜೇಬಿನಲ್ಲಿ ಮಾತ್ರೆಯಿತ್ತು. ಅದು ಹೊಟ್ಟೆಯುಬ್ಬರದ ಮಾತ್ರೆ ಎಂಬುದು ಬೇರೆ ಮಾತು.

ರೊಳ್ಳ ಕಡೆಯ ಒಂದು ಸಣ್ಣ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ನಡುಬೇಸಿಗೆಯಲ್ಲಿ ಸುಟ್ಟುಹೋಗಿತ್ತು. ಅದರ ಜಾಗಕ್ಕೆ ರಾಯದುರ್ಗದ ಕಡೆ ಕೆಲಸವಿಲ್ಲದೆ ನಿಂತಿದ್ದ ಒಂದನ್ನು ಸಾಗಿಸಬೇಕೆಂದು ಹುಕುಂ ಆಯಿತು. ಪರೀಕ್ಷೆ ಮಾಡಿ ‘ಇದಕ್ಕೆ ಕರೆಂಟು ಕೊಡಬಹುದು’ ಎಂದು ಹೇಳಬೇಕಾದವನು ನಾನು. ಹಾಗಾಗಿ ಅದರ ಹಿಂದೆ ನಾನೂ ಹೊರಟೆ. ಆಂಧ್ರದ ಅನಂತಪುರ ಜಿಲ್ಲೆ ಹೋಳಾದ ಮೇಲೆ ರಾಯದುರ್ಗ ಒಂದು ಜಿಲ್ಲೆಗೆ ಸೇರಿತು, ರೊಳ್ಳ ಇರುವ ಮಡಕಶಿರದ ಕಡೆ ಇನ್ನೊಂದಕ್ಕೆ. ನಡುವೆ ಒಂದಿಷ್ಟು ಕರ್ನಾಟಕ ಅಡ್ಡ ಬರುತ್ತದೆ. ಟ್ರೈಲರ್ ಕಲ್ಯಾಣದುರ್ಗ, ಪಾವಗಡ ದಾಟಿ ಆಮೆಯ ಹಾಗೆ ನಡೆಯಿತು. ಹಿಂದೆ ಜೀಪಿನಲ್ಲಿ ನಾನು ಪ್ರತಿ ಹಂಪಿಗೂ ಹಲ್ಲು ಕಚ್ಚುತ್ತಿದ್ದೆ. ಪಕ್ಕದಲ್ಲಿ ರಾಯದುರ್ಗದ ನಮ್ಮ ಲೈನ್ ಇನ್‌ಸ್ಪೆಕ್ಟರ್ ಶೇಂಗಾ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಕಬ್ಬಿಣದ್ದೈತ್ರಿ ಸಾರ್ ಅದು. ನೀವ್ಯಾಕ ಹಲ್ಲು ಮುರ್ಕಂತೀರಿ?”

ಕಬ್ಬಿಣಕ್ಕೆ ಏನೂ ಆಗುವುದಿಲ್ಲವೆಂದು ನನಗೂ ಗೊತ್ತು. ಆದರೆ ಹೊರಗಿನವರಿಗೆ ಕಬ್ಬಿಣವಾಗಿ ಕಾಣುವುದು ನನ್ನಂಥವನಿಗೆ ಕಾಗದ. ಒಳಗೆ ತಾಮ್ರದ ಸುರುಳಿಗಳು, ಸುರುಳಿಗೆ ಸುತ್ತಿದ ಕಾಗದ, ಎಲ್ಲವನ್ನೂ ಮುಳುಗಿಸಿದ ಎಣ್ಣೆ. ಮೂವತ್ತಮೂರು ಸಾವಿರ ವೋಲ್ಟು ತನ್ನ ದಾರಿ ಬಿಟ್ಟು ಆಚೀಚೆ ಹಾರದಂತೆ ಕಾಯುವುದು ಆ ಕಾಗದ ಮತ್ತು ಎಣ್ಣೆಯೇ. ಪ್ರಯಾಣಕ್ಕೆಂದು ಬುಷಿಂಗುಗಳನ್ನು ಬಿಚ್ಚಿ ಎಣ್ಣೆಯನ್ನು ಸ್ವಲ್ಪ ಇಳಿಸಿದ್ದೆವು. ಅಷ್ಟರಲ್ಲಿ ಮೇಲಿನ ಕಾಗದಕ್ಕೆ ಗಾಳಿ ತಾಗಿತ್ತು. ಎಣ್ಣೆಗಿಂತ ಕಾಗದಕ್ಕೆ ನೀರೆಂದರೆ ಪ್ರೀತಿ. ಒಮ್ಮೆ ಕುಡಿದರೆ ಬೇಗ ಬಿಟ್ಟುಕೊಡುವುದಿಲ್ಲ. ಹಸಿ ಕಾಗದದ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಟ್ಟರೆ ಅದು ಕೆಲವು ದಿನ ಸುಮ್ಮನಿದ್ದು ಒಂದು ದಿನ ಸಿಡಿಯುತ್ತದೆ. ಆ ಒಂದು ದಿನ ಯಾವುದೆಂದು ಲೆಕ್ಕ ಹಾಕುವುದು ನನ್ನ ಹವ್ಯಾಸ.

ಸಬ್‌ಸ್ಟೇಷನ್ನಿನ ಬೇಲಿಗೆ ಹೊಂದಿಕೊಂಡೇ ಹಿಪ್ಪುನೇರಳೆ ತೋಟವಿತ್ತು, ತೋಟದ ಅಂಚಿಗೆ ತಗಡಿನ ಸೂರಿನ ಹುಳದ ಮನೆ. ಕ್ರೇನು ಟ್ರಾನ್ಸ್‌ಫಾರ್ಮರನ್ನು ಕಟ್ಟೆಯ ಮೇಲೆ ಇಳಿಸುತ್ತಿದ್ದಾಗಲೇ ಹುಳದ ಮನೆಯ ಒಡತಿ ಬೇಲಿಯ ಹತ್ತಿರ ಬಂದು ನಿಂತರು.

“ಇದೇನಾ ಸಾರ್ ಹೊಸಾದು?”

“ಹೊಸದಲ್ಲಮ್ಮ. ರಾಯದುರ್ಗದ್ದು.”

“ಎಲ್ಲೀದಾದ್ರೇನು, ಕರೆಂಟ್ ಬಂದ್ರೆ ಸಾಕು. ನನ್ ಹುಳ ಮೂರ್ನೇ ಜ್ವರ ಎದ್ದವೆ. ನಾಕ್ನೇದು ಎದ್ದ್ ಮ್ಯಾಲೆ ಒಂದ್ ವಾರ ಒಂದೇ ಸಮ ತಿಂತವೆ. ಆವಾಗ ಸೆಕೆ ಆಗ್ಬಿಟ್ರೆ ಮುಗೀತು, ತಿಪ್ಪೆಗೆ ಸುರಿಯೋದೆಯ.”

ರೇಷ್ಮೆಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಹುಳ ಹಣ್ಣಾಗಿ ಗೂಡು ಕಟ್ಟುವ ತನಕ ಹುಳದ ಮನೆ ತಂಪಾಗಿರಬೇಕು. ಆಕೆಯ ಮನೆಯ ತಗಡಿನ ಮೇಲೆ ತೂತು ಕೊರೆದ ಪೈಪು ಓಡಿಸಿದ್ದರು. ಬೋರಿನ ಮೋಟರು ತಿರುಗಿದರೆ ಸೂರೆಲ್ಲ ನೆನೆಯುತ್ತಿತ್ತು. ಈಗ ಪಕ್ಕದ ಗುಡಿಬಂಡೆ ಸಬ್‌ಸ್ಟೇಷನ್ನಿನಿಂದ ಎರವಲು ತಂದ ಕರೆಂಟು ನಸುಕಿನಲ್ಲಿ ಸ್ವಲ್ಪ ಹೊತ್ತು ಬಂದು ಹೋಗುತ್ತಿತ್ತು. ಬಿಸಿಲೇರಿದ ಮೇಲೆ ಆಕೆಯೂ ಗಂಡನೂ ಗೋಣಿತಾಟುಗಳಿಗೆ ಬಿಂದಿಗೆಯಿಂದ ನೀರು ಎರಚುತ್ತಿದ್ದರು. ನಾನು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಲು ಇಷ್ಟಪಡುವವನು. ಈ ಬೇಲಿಗೆ ಮರೆಯೇ ಇರಲಿಲ್ಲ.

ಬುಷಿಂಗುಗಳನ್ನು ಕೂರಿಸಿದೆವು, ಎಣ್ಣೆ ತುಂಬಿದೆವು. ಪ್ರತಿ ಪಿಂಗಾಣಿಯನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ನಾನೇ ಒರೆಸಿದೆ. ಬೇರೆಯವರು ಒರೆಸಿದ್ದನ್ನು ಮತ್ತೆ ಒರೆಸುವುದಕ್ಕಿಂತ ಅದೇ ಸುಲಭ. ಇನ್ನು ಎಣ್ಣೆ ಒಣಗಿಸುವ ಯಂತ್ರ ಶುರುಮಾಡಬೇಕು ಎನ್ನುವಾಗ ಲೈನ್ ಇನ್‌ಸ್ಪೆಕ್ಟರ್ ಚೀಲದಿಂದ ತೆಂಗಿನಕಾಯಿ ತೆಗೆದ.

“ನೇಮಕಲ್ಲಿಗೆ ಹೋಗಿ ಆಂಜನೇಯಸ್ವಾಮಿ ಕುಂಕ್ಮ ತಂದೀನ್ರಿ. ಒಂದು ಕಾಯಿ ಒಡದು ಶುರು ಮಾಡಾಣು ಬರ್ರಿ.”

ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಬೇಕೂ ಆಗಿತ್ತು. ಆತ ಏಣಿ ಹತ್ತಿ ಹಿಂಬದಿಗೆ ಹೋದ. ನಾನು ಕೆಳಗೆ ಕೈಮುಗಿದು ಕಣ್ಣು ಮುಚ್ಚಿ, ಮೊದಲ ಪ್ಯಾರಾದಲ್ಲಿ ಬರೆದ ಅಷ್ಟನ್ನೂ ಸ್ವಾಮಿಗೆ ಒಂದೊಂದಾಗಿ ಹೇಳಿಕೊಂಡೆ. ಕಣ್ಣು ತೆರೆಯುವಷ್ಟರಲ್ಲಿ ಪೂಜೆ ಮುಗಿದು ಕೊಬ್ಬರಿ ಚೂರು ನನ್ನ ಕೈಗೆ ಬಂದಿತ್ತು.

ಬಾಡಿಗೆ ಜನರೇಟರಿನ ಮೇಲೆ ಯಂತ್ರ ಶುರುವಾಯಿತು. ಟ್ಯಾಂಕಿನ ತಳದಿಂದ ಎಣ್ಣೆ ಎಳೆದು, ಕಾಯಿಸಿ, ಗಾಳಿ ತೆಗೆದ ಕೊಪ್ಪರಿಗೆಯಲ್ಲಿ ತೆಳ್ಳಗೆ ಹರಿಸಿ ಅದರ ನೀರು ಕಸಿದು, ಮೇಲಿನಿಂದ ಮತ್ತೆ ಟ್ಯಾಂಕಿಗೆ ಬಿಡುವುದು. ಬಿಸಿ ಎಣ್ಣೆ ಕಾಗದದ ತೇವವನ್ನು ಸ್ವಲ್ಪಸ್ವಲ್ಪವೇ ಕಳಚಿ ತರುತ್ತದೆ. ಇದು ಹಗಲೂ ರಾತ್ರಿ ನಡೆಯುವ ಕೆಲಸ. ಕೆಲವು ದಿನಗಳಾದ ಮೇಲೆ ಎಣ್ಣೆಯ ಸ್ಯಾಂಪಲ್ಲನ್ನು ಗಾಜಿನ ಬಟ್ಟಲಿಗೆ ಹಾಕಿ, ಕಿರುಬೆರಳು ತೂರದ ಸಂದಿನಲ್ಲಿ ನಿಲ್ಲಿಸಿದ ಎರಡು ಲೋಹದ ಗುಂಡುಗಳ ನಡುವೆ ವೋಲ್ಟೇಜ್ ಏರಿಸಿದೆ. ಯಂತ್ರದ ತಾಕತ್ತು ಮುಗಿಯಿತೇ ಹೊರತು ಎಣ್ಣೆ ಕಿಡಿ ಬಿಡಲಿಲ್ಲ. ಎಣ್ಣೆ ಪಾಸು. ಯಂತ್ರ ನಿಲ್ಲಿಸಿ ಟ್ಯಾಂಕು ಆರಲು ಬಿಟ್ಟು, ಮರುದಿನ ಬೆಳಗ್ಗೆ ಕಾಗದವನ್ನು ಕೇಳಲು ಕೂತೆ.

ಕಾಗದವನ್ನು ಕೇಳುವ ಕ್ರಮ ಹೀಗೆ. ಕಾಗದದಂಥ ನಿರೋಧಕದ ಒಳಗೂ ವಿದ್ಯುತ್ ಆವೇಶಗಳಿರುತ್ತವೆ, ಆದರೆ ತಾಮ್ರದಲ್ಲಿರುವಂತೆ ಬಿಡಾಡಿಗಳಲ್ಲ. ಪುಸ್ತಕ ಇವನ್ನು ಬದ್ಧ ಆವೇಶ ಎನ್ನುತ್ತದೆ. ನಾನು ಗೂಟಕ್ಕೆ ಕಟ್ಟಿದ ದನ ಎಂದುಕೊಳ್ಳುತ್ತೇನೆ. ದನ ಗೂಟ ಬಿಟ್ಟು ಹೋಗಲಾರದು, ಆದರೆ ಹುಲ್ಲಿನ ಹೊರೆ ಬಂದ ಕಡೆಗೆ ಹಗ್ಗ ಬಿಗಿಯುವಷ್ಟು ಸರಿದು ಮುಖ ತಿರುಗಿಸುತ್ತದೆ. ಮೆಗ್ಗರ್ ಎಂಬ ಪೆಟ್ಟಿಗೆಯಿಂದ ಐದು ಸಾವಿರ ವೋಲ್ಟು ಹಾಕಿದಾಗ ಕಾಗದದೊಳಗೂ ಇದೇ ನಡೆಯುತ್ತದೆ. ಕೆಲವು ಕೂಡಲೇ ತಿರುಗುತ್ತವೆ, ಕೆಲವು ಸೋಮಾರಿಗಳು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ. ತಿರುಗುವಷ್ಟು ಹೊತ್ತು ಕರೆಂಟು ಎಳೆಯುತ್ತವೆ, ಆಮೇಲೆ ಇಲ್ಲ. ಹಾಗಾಗಿ ಒಣ ಕಾಗದದಲ್ಲಿ ಕರೆಂಟು ಇಳಿಯುತ್ತ, ಪೆಟ್ಟಿಗೆ ತೋರಿಸುವ ರೋಧ ಏರುತ್ತ ಹೋಗುತ್ತದೆ. ಹತ್ತನೇ ನಿಮಿಷದ ಅಂಕಿ ಮೊದಲ ನಿಮಿಷದ್ದರ ಸುಮಾರು ಎರಡರಷ್ಟಾದರೆ ನನಗೆ ನಿದ್ದೆ ಬರುತ್ತದೆ. ಕಾಗದ ಹಸಿಯಾಗಿದ್ದರೆ ಹಗ್ಗ ಬಿಚ್ಚಿಕೊಂಡವೂ ಓಡಾಡುತ್ತವೆ. ಕರೆಂಟು ಹರಿಯುತ್ತಲೇ ಇರುತ್ತದೆ, ಅಂಕಿ ಏರುವುದಿಲ್ಲ.

ಏರಲಿಲ್ಲ. ಹತ್ತು ನಿಮಿಷ ಕೂತರೂ ಮುಳ್ಳು ಮೊದಲ ನಿಮಿಷದ ಜಾಗದಿಂದ ಸ್ವಲ್ಪವೇ ಅಲ್ಲಾಡಿ ಸುಮ್ಮನಾಯಿತು.

ಈ ಪರೀಕ್ಷೆಗೆ ಇನ್ನೊಂದು ಕಟ್ಟಳೆಯಿದೆ. ವೋಲ್ಟೇಜ್ ತೆಗೆದ ಮೇಲೆ ಸುರುಳಿಯನ್ನು ಡಿಸ್ಚಾರ್ಜ್ ರಾಡಿನಿಂದ ಭೂಮಿಗೆ ಜೋಡಿಸಿ ಬಹಳ ಹೊತ್ತು ಬಿಡಬೇಕು. ಮುಖ ತಿರುಗಿಸಿದ ದನಗಳು ಹಿಂದಿರುಗುವುದೂ ನಿಧಾನವೇ. ಹಿಂದಿರುಗುವಾಗ ತಾಮ್ರದ ಮೇಲೆ ಮತ್ತೆ ಆವೇಶ ಬಿಡುತ್ತವೆ. ಇದನ್ನು ನಾನು ಲೈನ್ ಇನ್‌ಸ್ಪೆಕ್ಟರಿಗೆ ದನಗಳ ಸಮೇತ ವಿವರಿಸಿದ್ದೆ. ಅಷ್ಟರಲ್ಲಿ ನಮ್ಮ ಡಿವಿಜನಲ್ ಇಂಜಿನಿಯರ್, ಡಿ.ಇ. ಸಾಹೇಬರ ಫೋನು ಬಂತು. ಮೇಲಧಿಕಾರಿಯ ಫೋನಿಗೆ ನನ್ನ ಕೈ ತಾನಾಗಿಯೇ ಅವಸರ ಮಾಡುತ್ತದೆ. ರಾಡು ತೆಗೆದು, ಕ್ಲಿಪ್ಪು ಬಿಚ್ಚಲು ಮುಟ್ಟಿದೆ. ಮೊಣಕೈ ತನಕ ಚುರ್ರೆಂದಿತು, ಫೋನು ಜಲ್ಲಿಯ ಮೇಲೆ ಬಿತ್ತು.

“ದನ ಹಾಯ್ತೇನ್ರಿ ಸಾರ್?” ಎಂದ ಲೈನ್ ಇನ್‌ಸ್ಪೆಕ್ಟರ್.

ಜಲ್ಲಿಯ ಮೇಲಿನಿಂದ ಡಿ.ಇ. ಸಾಹೇಬರ ದನಿ ಕೇಳುತ್ತಲೇ ಇತ್ತು. “ಏಮಯ್ಯಾ, ಅಲ್ಲಿ ಎಣ್ಣೆ ಒಣಗಿಸ್ತಿದೀಯಾ, ವಡೆ ಕರೀತಿದೀಯಾ? ಎಂದಿಗೆ ಚಾರ್ಜು?”

“ಎಣ್ಣೆ ಸರಿಯಿದೆ ಸಾರ್, ಕಾಗದ ಹಸಿ ಇರೋ ಹಾಗಿದೆ.”

“ಹಾಗಿದೆ ಅಂದ್ರೆ? ಇದೆಯೋ ಇಲ್ವೋ?”

ಉತ್ತರ ನನಗೂ ಬೇಕಾಗಿತ್ತು. ಮತ್ತೆ ಯಂತ್ರ ಹಚ್ಚಿ, ಎಣ್ಣೆಯ ಬಿಸಿ ಇನ್ನಷ್ಟು ಏರಿಸಿ, ಮತ್ತೊಂದು ಸುತ್ತು ಒಣಗಿಸಿದೆವು. ಮತ್ತೆ ಆರಿಸಿ, ಮತ್ತೆ ಬೆಳಗ್ಗೆ ಅಳೆದೆ. ಅದೇ ಅಂಕಿ, ನೋಡಿದರೆ ಒಂದು ಕೂದಲೆಳೆ ಕಡಿಮೆಯೇ. ರಾತ್ರಿ ನಾಲ್ಕು ಹನಿ ಮಳೆ ಬಿದ್ದು ಗಾಳಿ ಜಿಬಜಿಬ ಎನ್ನುತ್ತಿತ್ತು. ಗ್ಯಾಸ್ಕೆಟ್ಟಿನಲ್ಲಿ ಎಲ್ಲೋ ಸಂದಿದ್ದು ಟ್ಯಾಂಕಿಗೆ ನೀರು ಇಳಿಯುತ್ತಿದೆಯೆಂದು ತೀರ್ಮಾನಿಸಿ ಎಲ್ಲ ಬೋಲ್ಟುಗಳನ್ನೂ ಮುಟ್ಟಿ ನೋಡಿದೆ. ಎಲ್ಲವೂ ಬಿಗಿಯಾಗಿದ್ದವು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಬೇಲಿಯ ಹತ್ತಿರ ಆಕೆ ಬಂದಿದ್ದರು. ಸೊಪ್ಪಿನ ಹೊರೆ ತಲೆಯ ಮೇಲೆಯೇ ಇತ್ತು.

“ಸಾರ್, ಹುಳ ನಾಕ್ನೇ ಜ್ವರ ಎದ್ದವೆ. ನಿನ್ನೆ ಮಧ್ಯಾನ್ದಾಗೆ ಮ್ಯಾಲಿನ್ ಅಟ್ಟದವು ತಲೆ ಎತ್ಕಂಡು ಸುಮ್ಕೆ ಕೂತ್ಬಿಟ್ಟಿದ್ವು, ಸೊಪ್ಪು ಮುಟ್ಲಿಲ್ಲ. ಒಂದ್ ಅಟ್ಟ ಹೋದಂಗೆ. ಮಿಕ್ಕಿದ್ದಾದ್ರೂ ಉಳೀಬೇಕಲ್ಲ?”

“ಪರೀಕ್ಷೆ ಇನ್ನೂ ಪಾಸಾಗಿಲ್ಲಮ್ಮ.”

“ನೀವೇ ಮೇಷ್ಟ್ರು, ನೀವೇ ಪರೀಕ್ಷೆ ಮಾಡೋರು. ಇನ್ ಯಾರ್ ಪಾಸ್ ಮಾಡ್ಬೇಕು?”

ಡಿ.ಇ. ಸಾಹೇಬರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಎಣ್ಣೆ ಪಾಸಾಗಿದೆ, ಅಂಕಿ ಕಡಿಮೆಯಿದ್ದರೂ ತೀರಾ ಕೆಳಗಿಲ್ಲ, ಕರೆಂಟು ಕೊಟ್ಟು ನೋಡು, ಓಡುತ್ತ ಓಡುತ್ತ ತಾನೇ ಒಣಗುತ್ತದೆ. ಹಾಗೆ ಒಣಗಿದ್ದನ್ನೂ ನೋಡಿದ್ದೇನೆ, ಒಣಗದ್ದನ್ನೂ ನೋಡಿದ್ದೇನೆ. ಕೊಟ್ಟು ಸಿಡಿದರೆ ಇನ್ನೊಂದನ್ನು ತರಲು ರಾಯದುರ್ಗದಲ್ಲಿ ಬೇರೊಂದಿಲ್ಲ. ಆಗ ಆಕೆಯ ಹುಳವಿರಲಿ, ಆ ಬೇಸಿಗೆಯ ಬೆಳೆಯೇ ಇಲ್ಲ. ಕೊಡದೆ ಇನ್ನೊಂದು ಸುತ್ತು ಒಣಗಿಸಿದರೆ ಹುಳ ಖಂಡಿತ ಇಲ್ಲ. ಸಂಜೆಯೊಳಗೆ ಹೇಳುತ್ತೇನೆ ಸಾರ್ ಎಂದೆ. ಸಂಜೆಯೊಳಗೆ ಏನು ಬದಲಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಊಟಕ್ಕೆ ಹೋಗಲಿಲ್ಲ. ಸುಮ್ಮನೆ ಕೂರಲಾರದೆ, ಕೈಗೆ ಏನಾದರೂ ಕೆಲಸ ಬೇಕೆಂದು, ಸುಡುಬಿಸಿಲಿನಲ್ಲಿ ಮತ್ತೊಮ್ಮೆ ಮೆಗ್ಗರ್ ಹಚ್ಚಿದೆ. ಕ್ರಮದ ಪ್ರಕಾರ ಬೆಳಗಿನ ತಂಪಿನಲ್ಲಿ ಅಳೆದದ್ದನ್ನು ಮಧ್ಯಾಹ್ನ ಅಳೆದರೆ ಅಂಕಿ ಇನ್ನೂ ಕೆಳಗೆ ಬರಬೇಕು. ಬಿಸಿಯಾದಷ್ಟೂ ಕಾಗದ, ಎಣ್ಣೆ ಎರಡೂ ಸಡಿಲ ಬಿಡುತ್ತವೆ. ಇಲ್ಲಿ ಅಂಕಿ ಬೆಳಗಿನದ್ದಕ್ಕಿಂತ ಮೇಲಿತ್ತು. ಮೀಟರು ಕೆಟ್ಟಿತೆಂದುಕೊಂಡು ಇನ್ನೊಮ್ಮೆ ಅಳೆದೆ. ಮೇಲೆಯೇ ಇತ್ತು.

ಅಷ್ಟು ಹೊತ್ತು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ, ಕಾಗದ ಎಷ್ಟು ಹಸಿ ಎಂಬುದು. ಟ್ಯಾಂಕಿನೊಳಗೆ ಮುಳುಗಿದ ಕಾಗದಕ್ಕೆ ಬೆಳಗಿನ ಜಿಬಜಿಬವೂ ಗೊತ್ತಿಲ್ಲ, ಮಧ್ಯಾಹ್ನದ ಒಣಗಾಳಿಯೂ ಗೊತ್ತಿಲ್ಲ. ಅದು ಗೊತ್ತಿರುವುದು ಗಾಳಿಗೆ ಮೈಯೊಡ್ಡಿ ನಿಂತ ಯಾವುದಕ್ಕೋ. ಪೆಟ್ಟಿಗೆ ಅಳೆಯುವ ಕರೆಂಟು ಕಾಗದದ ಮೂಲಕವೇ ಬರಬೇಕೆಂದೇನೂ ಇಲ್ಲ. ಪಿಂಗಾಣಿಯ ಮೈಮೇಲೆ ತೆವಳಿಕೊಂಡೂ ಬರಬಹುದು. ಇನ್ನೊಂದು ಸುತ್ತು ಒಣಗಿಸುವುದೂ ಬೇಡ, ಕಣ್ಣು ಮುಚ್ಚಿ ಚಾರ್ಜ್ ಮಾಡುವುದೂ ಬೇಡ, ಮೊದಲು ಅಳೆಯುವ ರೀತಿ ಬದಲಿಸೋಣ ಎಂದು ನಿರ್ಧರಿಸಿದೆ.

ಮೆಗ್ಗರಿಗೆ ಮೂರನೇ ಕಿವಿಯೊಂದಿದೆ. ಗಾರ್ಡ್ ಎನ್ನುತ್ತಾರೆ. ಬುಷಿಂಗಿನ ಪಿಂಗಾಣಿಗೆ ಬರಿ ತಾಮ್ರದ ತಂತಿಯೊಂದನ್ನು ಒಡ್ಯಾಣದಂತೆ ಸುತ್ತಿ ಅದಕ್ಕೆ ಜೋಡಿಸಿದರೆ, ಮೈಮೇಲೆ ತೆವಳಿ ಬರುವ ಕರೆಂಟು ಅಲ್ಲೇ ಹಿಡಿದುಹೋಗಿ ಲೆಕ್ಕಕ್ಕೆ ಬರುವುದಿಲ್ಲ. ಒಳಗಿನದು ಮಾತ್ರ ಮುಳ್ಳಿಗೆ ಕಾಣುತ್ತದೆ. ಚೀಲದಲ್ಲಿ ಆ ವೈರು ಇತ್ತು. ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ, 'ಪಿಂಗಾಣಿ ನಾನೇ ಒರೆಸಿದ್ದೇನಲ್ಲ' ಎಂಬ ಧೈರ್ಯ.

ಲೈನ್ ಇನ್‌ಸ್ಪೆಕ್ಟರ್ ಏಣಿ ಹತ್ತಿ ಒಡ್ಯಾಣ ಸುತ್ತಿದ, ನಾನು ಕೆಳಗೆ ಗುಂಡಿ ಒತ್ತಿದೆ. ಮೊದಲ ನಿಮಿಷಕ್ಕೇ ಅಂಕಿ ಬೆಳಗಿನದಕ್ಕಿಂತ ಬಹಳ ಮೇಲೆ ನಿಂತಿತು. ಅಲ್ಲಿಂದ ಏರತೊಡಗಿತು. ಎರಡನೇ ನಿಮಿಷ, ಮೂರನೇ ನಿಮಿಷ, ಏರುತ್ತಲೇ ಹೋಯಿತು. ಸೋಮಾರಿ ದನಗಳು ಒಂದೊಂದಾಗಿ ಮುಖ ತಿರುಗಿಸುತ್ತಿದ್ದವು. ಹತ್ತನೇ ನಿಮಿಷಕ್ಕೆ ಎರಡರಷ್ಟನ್ನೂ ದಾಟಿತು. ಕಾಗದ ಒಣಗಿತ್ತು. ಬಹುಶಃ ಮೊದಲ ಸುತ್ತಿಗೇ ಒಣಗಿತ್ತು.

ರಾಡು ಜೋಡಿಸಿ, ಈ ಸಲ ಗಡಿಯಾರ ನೋಡುತ್ತ ಕಾದು, ಏಣಿ ಹತ್ತಿದೆ. ಊರುಗಳಿಗೆ ಕರೆಂಟು ಹೊರಡುವ ಹನ್ನೊಂದು ಸಾವಿರ ವೋಲ್ಟಿನ ಬದಿಯ ಮೂರು ಬುಷಿಂಗುಗಳೂ ಹಿಂದಿನ ಗೋಡೆಯ ಕಡೆಗಿದ್ದವು. ಮೂರಕ್ಕೂ ನೆತ್ತಿಯಿಂದ ಬುಡದ ತನಕ ಕೆಂಪು ಕೋಡಿ ಇಳಿದಿತ್ತು. ಮುಟ್ಟಿದರೆ ಬೆರಳು ಅಂಟಿತು. ಆ ಕೋಡಿಯುದ್ದಕ್ಕೂ ಇರುವೆಗಳು ಸಾಲು ಹಿಡಿದು ಹತ್ತುತ್ತಿದ್ದವು, ಸಾಲು ಹಿಡಿದು ಇಳಿಯುತ್ತಿದ್ದವು.

“ಕಾಯಿ ನೀರು ಎಲ್ಲಿ ಹಾಕಿದ್ದೆ?” ಎಂದು ಕೆಳಕ್ಕೆ ಕೇಳಿದೆ.

“ಮೂರಕ್ಕೂ ಹಾಕೀನ್ರಿ. ಒಂದಕ್ಕ ಹಾಕಿ ಎರಡಕ್ಕ ಬಿಟ್ರ ಚಂದಿರಲ್ಲಲ್ರಿ?”

ಕಾಯಿ ನೀರಿನ ಉಪ್ಪು ಸಕ್ಕರೆ, ಕುಂಕುಮ, ಮೇಲೆ ರಸ್ತೆಯ ಧೂಳು. ಬೆಳಗಿನ ತೇವಕ್ಕೆ ಆ ಅಂಟು ಹಸಿಯಾಗಿ ಕರೆಂಟಿಗೆ ದಾರಿ ಬಿಡುತ್ತಿತ್ತು, ಮಧ್ಯಾಹ್ನ ಒಣಗಿ ಮುಚ್ಚಿಕೊಳ್ಳುತ್ತಿತ್ತು. ಆತನನ್ನು ಬೈಯುವಂತಿರಲಿಲ್ಲ. ಪ್ರತಿ ಬೆಳಗ್ಗೆ ಏಣಿ ಹತ್ತಿ ಕ್ಲಿಪ್ಪು ಸಿಕ್ಕಿಸಿದವನು ನಾನೇ, ಕೆಂಪು ಬಣ್ಣ ಕಣ್ಣಿಗೆ ಬಿದ್ದೂ ಇತ್ತು. ಧೂಳು, ಜೇಡರಬಲೆ, ಹಕ್ಕಿಯ ಹಿಕ್ಕೆ, ಎಣ್ಣೆಯ ಕಲೆ ಎಲ್ಲವನ್ನೂ ಹುಡುಕುತ್ತಿದ್ದೆ. ಕುಂಕುಮವನ್ನು ಕೊಳೆ ಎಂದು ನೋಡುವ ಕಣ್ಣು ನನಗೆ ಯಾರೂ ಕೊಟ್ಟಿರಲಿಲ್ಲ.

“ಒರಸಿದ್ರ ಸ್ವಾಮಿ ಸಿಟ್ಟಾಗಲ್ಲೇನ್ರಿ?” ಎಂದ ಆತ, ಬಟ್ಟೆ ಕೊಡುತ್ತ.

“ಟ್ಯಾಂಕಿನ ಮೇಲೆ ಒಂದು ಬೊಟ್ಟು ಇಡು. ಸ್ವಾಮಿಗೆ ಅಲ್ಲಿಂದಲೂ ಕಾಣಿಸುತ್ತೆ.”

ಒರೆಸಿದೆವು. ಒಡ್ಯಾಣ ಬಿಚ್ಚಿ ಅಳೆದರೂ ಅಂಕಿ ಏರಿತು. ಡಿ.ಇ. ಸಾಹೇಬರಿಗೆ ‘ಕಾಗದ ಒಣಗಿದೆ ಸಾರ್’ ಎಂದಷ್ಟೇ ಹೇಳಿದೆ. ಇರುವೆಗಳ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ತಂತಿ, ಕೇಬಲ್ಲು ಜೋಡಿಸಿ, ಹೊತ್ತು ಮುಳುಗುವ ಮೊದಲೇ ಊರುಗಳ ಲೋಡು ಕೊಡದೆ ಚಾರ್ಜ್ ಮಾಡಿದೆವು. ಟ್ರಾನ್ಸ್‌ಫಾರ್ಮರ್ ಒಮ್ಮೆ ಗುಡುಗಿದಂತೆ ಮಾಡಿ ಆಮೇಲೆ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನತೊಡಗಿತು. ಬೆಳಗಿನ ತನಕ ಹಾಗೆಯೇ ಬಿಟ್ಟೆವು. ಗಾಳಿ ಸೇರಲಿಲ್ಲ, ಎಣ್ಣೆ ಸೋರಲಿಲ್ಲ, ಎಡವಟ್ಟಾದರೆ ಕರೆಂಟು ಕಡಿಯುವ ಯಾವ ರಿಲೇಯೂ ಬೀಳಲಿಲ್ಲ. ಬಿಸಿಲೇರುವ ಹೊತ್ತಿಗೆ ಒಂದೊಂದೇ ಊರಿನ ಲೈನು ಹಾಕಿದೆವು. ಬೇಲಿಯಾಚೆ ಆಕೆ ಬಿಂದಿಗೆ ಕೆಳಗಿಟ್ಟು ಮೋಟರಿನ ಕಡೆಗೆ ಓಡಿದ್ದು ಕಾಣಿಸಿತು. ನಾನು ಚಹಾ ತರಿಸಿದೆ. ಮಾತ್ರೆ ಜೇಬಿನಲ್ಲೇ ಉಳಿದಿತ್ತು.

ಚಹಾ ಅರ್ಧವಾಗುವಷ್ಟರಲ್ಲಿ ಆಕೆ ಮತ್ತೆ ಬೇಲಿಯ ಹತ್ತಿರವಿದ್ದರು.

“ಸಾರ್, ಕರೆಂಟ್ ಏನೋ ಬಂತು. ಮೋಟ್ರು ತಿರುಗ್ತೈತೆ. ನೀರ್ ಬರ್ತಿಲ್ಲ.”

“ಬೋರ್ ಬತ್ತೈತೇನೋ ನೋಡಕ್ಕ” ಎಂದ ಲೈನ್ ಇನ್‌ಸ್ಪೆಕ್ಟರ್.

“ನಿನ್ ಬಾಯಿಗಿಷ್ಟು ಬೂದಿ ಹಾಕ. ನಸುಕ್ನಾಗೆ ಗುಡಿಬಂಡೆ ಕರೆಂಟ್ಗೆ ಬಂತು, ನಿಮ್ ಕರೆಂಟ್ಗೆ ಬರಲ್ಲ. ಬೋರ್‌ಗೇನು, ಯಾರ್ ಕರೆಂಟು ಅಂತ ಗೊತ್ತಾಗುತ್ತಾ?”

ಅಷ್ಟರಲ್ಲಿ ಊರಿನ ರಾಗಿ ಗಿರಣಿಯವನ ಫೋನು. ಗಿರಣಿ ಹಿಂದು ಹಿಂದಕ್ಕೆ ತಿರುಗುತ್ತಿದೆಯಂತೆ. ಹಿಂದೆಯೇ ಇನ್ನೊಂದು ಫೋನು, ಇನ್ನೊಂದು ಪಂಪು. ನಾನು ಲೋಟ ಕೆಳಗಿಟ್ಟು ಹಿಂಬದಿಗೆ ಹೋದೆ. ಮೂರು ಫೇಸಿನ ಮೋಟರು ಯಾವ ಕಡೆ ತಿರುಗಬೇಕೆಂಬುದು ಮೂರು ತಂತಿಗಳ ಸರದಿಯ ಮೇಲೆ ನಿಂತಿದೆ. ಕೊನೆಯ ಕೇಬಲ್ಲು ಅದರ ಬುಷಿಂಗಿಗೆ ಎಟುಕಲಿಲ್ಲವೆಂದು ಲೈನ್ ಇನ್‌ಸ್ಪೆಕ್ಟರ್ ಅದನ್ನು ಪಕ್ಕದ ಬುಷಿಂಗಿಗೂ, ಪಕ್ಕದ್ದನ್ನು ಇದಕ್ಕೂ ಕಟ್ಟಿದ್ದ. ಅಂಕಿ ಏರಿದ ಖುಷಿಯಲ್ಲಿ ಸರದಿ ನೋಡುವ ಮೀಟರನ್ನು ನಾನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ಸುತ್ತಲ ಊರುಗಳ ಮೋಟರುಗಳೆಲ್ಲ ಹಿಂದುಮುಂದಾಗಿ ತಿರುಗುತ್ತಿದ್ದವು.

ಆಕೆಗೆ ಹೇಳಲೇಬೇಕಾಯಿತು. ಎರಡು ವೈರು ಅದಲು ಬದಲಾಗಿವೆ, ಸ್ವಲ್ಪ ಹೊತ್ತು ಕರೆಂಟು ತೆಗೆಯಬೇಕು ಎಂದೆ. ಆಕೆ ಟ್ರಾನ್ಸ್‌ಫಾರ್ಮರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಒಳಗಡೆ ಕಣ್ಣಿಗ್ ಕಾಣ್ದಿರೋದನ್ನೆಲ್ಲಾ ವಾರಗಟ್ಲೆ ನೋಡುದ್ರಿ ಸಾರ್. ಹೊರಗಡೆ ಇದ್ದಿದ್ದೇ ಮೂರು ವೈರು.”

ಲೈನು ತೆಗೆದು, ರಾಡು ಹಾಕಿ, ಬೋಲ್ಟು ಬಿಚ್ಚಿದೆವು. ಎಟುಕದ ಕೇಬಲ್ಲಿಗೆ ಇಬ್ಬರೂ ಜೋತುಬಿದ್ದೆವು, ಎಟುಕಿತು. ಈ ಸಲ ಸರದಿ ಅಳೆದು ಸ್ವಿಚ್ ಹಾಕಿದೆ. ಹುಳದ ಮನೆಯ ಮೇಲಿನ ಪೈಪು ಒಂದೆರಡು ಸಲ ಸೀನಿ ನೀರು ಬಿಟ್ಟಿತು. ಕಾದ ತಗಡಿನಿಂದ ಹಬೆ ಎದ್ದಿತು. ಆಕೆ ಈ ಕಡೆ ನೋಡದೆ ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದರು.